ಸೆರೆಮನೆಯಲ್ಲಿ ಬಲಪ್ರಯೋಗ

ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕು ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತೆಂಬುದನ್ನು ವಾಚಕರು ಬಲ್ಲರು. ಅದರ ಕಾವಲುಗೋಪುರವನ್ನು ಇಂದಿಗೂ ಕಾಣಬಹುದು. ಅಲ್ಲಿ ನಿಂತವನಿಗೆ ನೋಡುವ ಅಧಿಕಾರವಿತ್ತು; ಹೊಡೆಯುವ ಅಧಿಕಾರವೂ ಉಂಟೆ?

ಶಿಕ್ಷೆಯನ್ನು ವಿಧಿಸುವುದು ನ್ಯಾಯಾಲಯ. ಅದಕ್ಕೆ ಏಟನ್ನು ಕೂಡಿಸಲು ಅಧಿಕಾರಿಗೆ ಹಕ್ಕಿಲ್ಲ. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳಂತೆ ಬಲಪ್ರಯೋಗಕ್ಕೆ ಸಂದರ್ಭಗಳು ಮೂರು: ಆತ್ಮರಕ್ಷಣೆ, ತಪ್ಪಿಸಿಕೊಳ್ಳುವ ಯತ್ನ, ಕಾನೂನುಬದ್ಧ ಆಜ್ಞೆಗೆ ದೈಹಿಕ ಪ್ರತಿರೋಧ. ಆಗಲೂ ಅದು ಅಗತ್ಯಕ್ಕಿಂತ ಮಿಗಿಲಾಗಕೂಡದು. ಒಡನೆಯೇ ಮೇಲಧಿಕಾರಿಗೆ ವರದಿ ಸಲ್ಲಬೇಕು. ಪ್ರತಿರೋಧ ನಿಂತ ಮೇಲೆ ಬೀಳುವ ಏಟು ರಕ್ಷಣೆಯಲ್ಲ, ಸೇಡು.

ವಾರ್ಡರನು ಸಹಕೈದಿಗಿತ್ತ ಹಿಂಸೆಯನ್ನು ಕುರಿತು ತಿಹಾರ್ ಜೈಲಿನ ಕೈದಿಯೊಬ್ಬನು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿ, ಕೈದಿಗೂ ಮೂಲಭೂತ ಹಕ್ಕುಗಳುಂಟೆಂದು 1979ರಲ್ಲಿ ಸಾರಿತು. ಗೋಡೆಯೊಳಗಿನ ಅನ್ಯಾಯ ಹೊರಗೆ ಕಾಣದು. ಆದುದರಿಂದಲೇ ವರದಿಯೂ ತಪಾಸಣೆಯೂ ಅನಿವಾರ್ಯ.