ನೆಗಡಿ ಹೋದರೂ ಉಬ್ಬಸ ಬಿಡದಿದ್ದರೆ

ಪ್ರಶ್ನೆ: ಮಗನಿಗೆ ಆರು ವರ್ಷ. ಧೂಳು ತಾಗಿದರೆ ಸೀನು, ಕಣ್ಣು ತುರಿಕೆ ಮೊದಲಿಂದಲೂ ಇದೆ. ಕಳೆದ ತಿಂಗಳು ವೈರಲ್ ಜ್ವರ ಬಂದು ಹೋದ ಮೇಲೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಶಬ್ದ. ಇದು ಅಸ್ತಮಾನಾ ಡಾಕ್ಟ್ರೇ?
– ಒಬ್ಬ ತಾಯಿ, ಗೌನಿಪಲ್ಲಿ

ಉತ್ತರ: ಅಮ್ಮಾ, ನಿಮ್ಮ ಅನುಮಾನಕ್ಕೆ ಕಾರಣವಿದೆ. ಅಲರ್ಜಿ ಇರುವ ಮಕ್ಕಳ ಶ್ವಾಸನಾಳ ಮೊದಲೇ ಊದಿಕೊಂಡಿರಬಹುದು. ವೈರಸ್ ತಡೆಯುವ ಇಂಟರ್‌ಫೆರಾನ್ ಕೂಡ ಅವರಲ್ಲಿ ಕಡಿಮೆ ಉತ್ಪತ್ತಿಯಾಗಬಹುದು. ಹಾಗಾಗಿ ಸಾಮಾನ್ಯ ನೆಗಡಿಯ ರೈನೋವೈರಸ್ಸೂ ಎದೆಗಿಳಿದು ಉಬ್ಬಸ ತರಬಲ್ಲದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿನಿಂದ ಮಕ್ಕಳನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ಮೊದಲ 3 ವರ್ಷಗಳಲ್ಲಿ ರೈನೋವೈರಸ್‌ನಿಂದ ಉಬ್ಬಸ ಬಂದವರಿಗೆ 6ನೇ ವಯಸ್ಸಿನಲ್ಲಿ ಅಸ್ತಮಾ ಸಾಧ್ಯತೆ ಸುಮಾರು 10 ಪಟ್ಟು ಹೆಚ್ಚಿತ್ತು.

ಆದರೂ ಒಂದು ಸಲದ ಉಬ್ಬಸವೇ ಅಸ್ತಮಾ ಅಲ್ಲ. ಮಕ್ಕಳ ತಜ್ಞರಿಗೆ ತೋರಿಸಿ. ಈ ವಯಸ್ಸಿಗೆ ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆ ಮಾಡಬಹುದು. ಕೆಮ್ಮು 2 ವಾರ ದಾಟಿದ್ದರೆ ಕ್ಷಯದ ಪರೀಕ್ಷೆಯೂ ಆಗಲಿ. ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ, ಅದು ಚಟವಾಗುವುದಿಲ್ಲ. ಇನ್‌ಹೇಲರ್‌ಗೆ ಸ್ಪೇಸರ್ ಎಂಬ ಕೊಳವೆ ಹಚ್ಚಿ ಕೊಡಿ, ಗುಣ ಕಂಡಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಸೊಳ್ಳೆಬತ್ತಿ, ಬೀಡಿ, ಸೌದೆ ಹೊಗೆ ದೂರವಿರಲಿ. ಮನೆಯ ಸುತ್ತಲಿನ ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿ. ಮಾವಿನ ತೋಟಕ್ಕೆ ಔಷಧಿ ಹೊಡೆಯುವಾಗ ಮಗುವನ್ನು ಅತ್ತ ಬಿಡಬೇಡಿ.

ಪಕ್ಕೆ ಒಳಸೇದಿದರೆ, ಮಾತಾಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಸರಿಯಾದ ಚಿಕಿತ್ಸೆ ಸಿಕ್ಕರೆ ನಿಮ್ಮ ಮಗ ಎಲ್ಲರಂತೆ ಓಡಿ ಆಡಬಲ್ಲ.