ಕಾಡಿನ ಶಿಬಿರಕ್ಕೆ ಮೊಬೈಲು ಬೇಕೇ?

ಮಕ್ಕಳೇ, ನಿಮ್ಮ ಶಾಲೆಯಿಂದ ಎರಡು ದಿನಗಳ ಪ್ರಕೃತಿ ಶಿಬಿರಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದಲ್ಲಿ ನಿಮ್ಮೂರಿನ ಅಣ್ಣ ಅಕ್ಕಂದಿರು ಇಂತಹ ಶಿಬಿರಕ್ಕೆ ಹೋಗಿ ಬಂದಿರಲೂಬಹುದು. ಹೊದಿಕೆ, ತಟ್ಟೆ, ಲೋಟ, ನೀರಿನ ಬಾಟಲಿ ಎಲ್ಲವೂ ಚೀಲ ಸೇರಿವೆ. ಆಗ ಒಬ್ಬ ಹುಡುಗ, “ಮೊಬೈಲು, ಸ್ಪೀಕರ್ ಇದ್ದರೆ ರಾತ್ರಿ ಹಾಡು ಹಾಕಿ ಕುಣಿಯಬಹುದು” ಎನ್ನುತ್ತಾನೆ. “ಕಾಡಿಗೆ ಯಂತ್ರಗಳು ಯಾಕೆ? ಯಾವುದೂ ಬೇಡ” ಎನ್ನುತ್ತಾಳೆ ಒಬ್ಬ ಹುಡುಗಿ. ಯಾರ ಮಾತು ಸರಿ?

‘ಯಾವುದೂ ಬೇಡ’ ಎಂದವಳ ಚೀಲದಲ್ಲಿಯೂ ಟಾರ್ಚ್ ಇದೆಯಲ್ಲವೇ? ಅದೂ ಒಂದು ಯಂತ್ರವೇ. ಆದ್ದರಿಂದ ಪ್ರತಿಯೊಂದು ಸಾಧನವನ್ನೂ ಚೀಲಕ್ಕೆ ಹಾಕುವ ಮೊದಲು ಎರಡು ಪ್ರಶ್ನೆ ಕೇಳೋಣ. ಇದು ನಮ್ಮ ಕಣ್ಣು, ಕಿವಿಗಳಿಗೆ ನೆರವಾಗುತ್ತದೆಯೋ, ಅವನ್ನು ಮುಚ್ಚಿಬಿಡುತ್ತದೆಯೋ? ಕಾಡಿನಲ್ಲಿ ವಾಸಿಸುವ ಜೀವಿಗಳಿಗೆ ಇದರಿಂದ ತೊಂದರೆ ಆಗುತ್ತದೆಯೇ?

ಕತ್ತಲೆಗೆ ಹೊಂದುವ ಕಣ್ಣು

ದೀಪ ಆರಿದ ಕೂಡಲೇ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಗೋಡೆ, ಬಾಗಿಲು ಮಸುಕಾಗಿ ಕಾಣತೊಡಗುತ್ತವೆ. ಏಕೆ ಗೊತ್ತೇ? ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಹಗಲಿನಲ್ಲಿ ಬಣ್ಣಗಳನ್ನು ಗುರುತಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವಸ್ತುವಿದೆ. ಪ್ರಖರ ಬೆಳಕು ಬಿದ್ದರೆ ಅದು ಒಡೆಯುತ್ತದೆ, ಕತ್ತಲೆಯಲ್ಲಿ ನಿಧಾನವಾಗಿ ಮತ್ತೆ ತಯಾರಾಗುತ್ತದೆ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷಗಳಾದರೂ ಬೇಕು.

ಈಗ ಯೋಚಿಸಿ. ಅರ್ಧ ಗಂಟೆ ಕಾದ ಕಣ್ಣಿಗೆ ಯಾರಾದರೂ ಮೊಬೈಲಿನ ಬೆಳಕು ಹಿಡಿದರೆ ಆ ಕಾಯುವಿಕೆಯೆಲ್ಲ ವ್ಯರ್ಥ. ಮಿಂಚುಹುಳುಗಳಿಗೂ ಇದರಿಂದ ತೊಂದರೆ. ಅವು ಮಿನುಗುವುದು ಸಂಗಾತಿಯನ್ನು ಕರೆಯಲು. ನಮ್ಮ ಬೆಳಕಿನ ನಡುವೆ ಅವುಗಳ ಸಂಕೇತ ಕಾಣದೇ ಹೋಗುತ್ತದೆ.

ಹಾಗೆಂದು ಟಾರ್ಚ್ ಬಿಡುವಂತಿಲ್ಲ. ರಾತ್ರಿ ನಡೆಯುವಾಗ ಹಾವನ್ನು ತುಳಿಯದಂತೆ ಕಾಪಾಡುವುದು ಅದೇ. ನಡೆಯುವಾಗ ಬೆಳಕನ್ನು ನೆಲಕ್ಕೆ ಹಿಡಿಯಿರಿ, ಕುಳಿತಾಗ ಆರಿಸಿ. ಏನಾದರೂ ಬರೆಯಬೇಕಾದರೆ ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಹಾಳೆ ಕಟ್ಟಿ. ಮಂದ ಕೆಂಪು ಬೆಳಕು ದಂಡಕೋಶಗಳನ್ನು ಅಷ್ಟಾಗಿ ಕದಡುವುದಿಲ್ಲ.

ಸದ್ದಿನ ಗೋಡೆ

ಮಳೆಗಾಲದಲ್ಲಿ ಗಂಡು ಕಪ್ಪೆಗಳು ವಟಗುಟ್ಟುವುದು ಹೆಣ್ಣು ಕಪ್ಪೆಗಳನ್ನು ಕರೆಯಲು. ಪ್ರತಿ ಜಾತಿಯ ಕಪ್ಪೆಗೂ ತನ್ನದೇ ಕೂಗು. ಸ್ಪೀಕರಿನ ಅಬ್ಬರದಲ್ಲಿ ಆ ಕೂಗು ಮುಳುಗಿಹೋಗುತ್ತದೆ. ಕಪ್ಪೆಗೂ ಕೇಳುವುದಿಲ್ಲ, ನಮಗೂ ಕೇಳುವುದಿಲ್ಲ. ಹತ್ತಿರದಲ್ಲಿ ಆನೆ ಕೊಂಬೆ ಮುರಿದರೂ ತಿಳಿಯದು! ಸ್ಪೀಕರ್ ಮನೆಯಲ್ಲೇ ಇರಲಿ. ಹಾಡುವ ಆಸೆಯಾದರೆ ಊಟದ ಹೊತ್ತಿಗೆ ಬಿಡಾರದಲ್ಲಿ ಮೆಲುದನಿಯಲ್ಲಿ ಹಾಡೋಣ, ಒಗಟು ಹೇಳೋಣ.

ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. ಮೊಟ್ಟೆಗಳಿಗೆ ಗಂಡು ಕಪ್ಪೆಯೇ ಮುಂಗಾಲುಗಳಿಂದ ಕೆಸರು ಮೆತ್ತುತ್ತದೆ! ಅದಕ್ಕೇ ವಿಜ್ಞಾನಿಗಳು 2014ರಲ್ಲಿ ಅದಕ್ಕೆ ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ಗದ್ದಲ ಮಾಡುವವರಿಗೆ ಇಂತಹ ಕೆಲಸ ಕಂಡೀತೇ?

ಕಪ್ಪೆ, ಹಕ್ಕಿಗಳ ಧ್ವನಿಯನ್ನು ಮೊಬೈಲಿನಲ್ಲಿ ದಾಖಲಿಸಿ ನಂತರ ಗುರುತಿಸುವುದು ಒಳ್ಳೆಯ ಬಳಕೆ. ಆದರೆ ಹಕ್ಕಿಯ ಕೂಗನ್ನು ಅದಕ್ಕೇ ಕೇಳಿಸಿ ಹತ್ತಿರ ಕರೆಯಬಾರದು. ತನ್ನ ಜಾಗಕ್ಕೆ ಎದುರಾಳಿ ಬಂದಿದೆ ಎಂದು ಹಕ್ಕಿ ಗಾಬರಿಗೊಂಡು ಗೂಡು, ಆಹಾರ ಬಿಟ್ಟು ಬರುತ್ತದೆ.

ದಾರಿ ತೋರುವ ಉಪಗ್ರಹ

ಟವರ್ ಸಿಗದ ಕಡೆ ಮೊಬೈಲಿನಿಂದ ಪ್ರಯೋಜನವಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಮೊಬೈಲು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಟವರ್ ಬೇಕಿಲ್ಲ. ಆದರೆ ನಕ್ಷೆಯನ್ನು ಊರಿನಲ್ಲೇ ತುಂಬಿಕೊಂಡಿರಬೇಕು. ದಟ್ಟ ಮರಗಳ ಕೆಳಗೆ, ಆಳವಾದ ಕಣಿವೆಯಲ್ಲಿ ಸಂಕೇತ ದುರ್ಬಲವಾಗಬಹುದು.

ಇನ್ನೊಂದು ವಿಷಯ. ಟವರ್ ಇಲ್ಲದಲ್ಲಿ ಮೊಬೈಲು ಅದನ್ನು ಹುಡುಕುತ್ತಲೇ ಇರುತ್ತದೆ. ಆಗ ಬ್ಯಾಟರಿ ಬೇಗ ಮುಗಿಯುತ್ತದೆ. ದಿನವಿಡೀ ಆಟ, ಸಿನಿಮಾ ನೋಡಿ ಬ್ಯಾಟರಿ ಮುಗಿಸಿದರೆ, ಯಾರಿಗಾದರೂ ಪೆಟ್ಟಾದಾಗ 112ಕ್ಕೆ ಕರೆ ಮಾಡುವುದು ಹೇಗೆ? ಆದ್ದರಿಂದ ತಂಡದ ಮೊಬೈಲು ಗುರುಗಳ ಬಳಿ ಆರಿಸಿಟ್ಟಿರಲಿ. ನಿಮ್ಮ ಕೊರಳಲ್ಲಿ ಒಂದು ಸೀಟಿ ಇರಲಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಬಾರಿ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಬಾರಿ ಊದಿ. ಸೀಟಿಗೆ ಬ್ಯಾಟರಿ ಬೇಡ!

ಮಾಡಿ ನೋಡಿ

1. ಶಾಲೆಯ ಅಂಗಳದಲ್ಲಿ ಕಣ್ಣು ಮುಚ್ಚಿ ಐದು ನಿಮಿಷ ಕುಳಿತುಕೊಳ್ಳಿ. ಕೇಳಿದ ಬೇರೆ ಬೇರೆ ಸದ್ದುಗಳನ್ನು ಬೆರಳಲ್ಲಿ ಎಣಿಸಿ, ನಂತರ ಬರೆದುಕೊಳ್ಳಿ. ಈಗ ರೇಡಿಯೋ ಜೋರಾಗಿ ಹಾಕಿ ಮತ್ತೆ ಐದು ನಿಮಿಷ ಎಣಿಸಿ. ಎಷ್ಟು ಸದ್ದುಗಳು ಕಾಣೆಯಾದವು?

2. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಹಿರಿಯರೊಂದಿಗೆ ಅಂಗಳಕ್ಕೆ ಬನ್ನಿ. ಮನೆಯ ದೀಪ ಆರಿಸಿ. ಆಕಾಶದ ಒಂದೇ ಭಾಗದ ನಕ್ಷತ್ರಗಳನ್ನು ಮೊದಲ ನಿಮಿಷ, 10ನೇ ನಿಮಿಷ ಮತ್ತು 20ನೇ ನಿಮಿಷದಲ್ಲಿ ಎಣಿಸಿ. ಸಂಖ್ಯೆಗಳನ್ನು ಪಟ್ಟಿ ಮಾಡಿ. ನಂತರ ಮೊಬೈಲಿನ ಪರದೆಯನ್ನು ಒಂದು ನಿಮಿಷ ನೋಡಿ ಮತ್ತೆ ಎಣಿಸಿ.

ಯೋಚಿಸಿ, ಚರ್ಚಿಸಿ

ಕ್ಯಾಮೆರಾ, ದುರ್ಬೀನು, ಇಯರ್‌ಫೋನ್, ದಿಕ್ಸೂಚಿ. ಇವುಗಳಲ್ಲಿ ಯಾವುದನ್ನು ಶಿಬಿರಕ್ಕೆ ಒಯ್ಯುವಿರಿ? ಯಾವುದನ್ನು ಬಿಡುವಿರಿ? ಮೊದಲು ಹೇಳಿದ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ಉತ್ತರಿಸಿ. ಕಾರಣವನ್ನೂ ಬರೆಯಿರಿ.