ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟರೆ ಗೋಡೆಯಾಗುವುದೇ?

ನಮ್ಮೂರಿನಲ್ಲಿ ಒಮ್ಮೆ ಹೊಸದಾಗಿ ಕಟ್ಟಿದ್ದ ಹಿತ್ತಲಿನ ಗೋಡೆಯೊಂದು ಮೊದಲ ಮಳೆಗಾಲದಲ್ಲೇ ಬಿತ್ತು. ರಾತ್ರಿ ಬಿದ್ದದ್ದರಿಂದ ಪಕ್ಕದ ಓಣಿಯಲ್ಲಿ ಯಾರೂ ಇರಲಿಲ್ಲ. ಹಗಲಾಗಿದ್ದರೆ ಅಲ್ಲಿ ಮಕ್ಕಳು ಗೋಲಿ ಆಡುತ್ತಿರುತ್ತಿದ್ದರು. ‘ಇಟ್ಟಿಗೆ ಕಳಪೆ’ ಎಂದು ಎಲ್ಲರೂ ಹೇಳಿದರು. ಆದರೆ ಬೆಳಿಗ್ಗೆ ಹೋಗಿ ನೋಡಿದರೆ ಬಿದ್ದ ಇಟ್ಟಿಗೆಗಳಲ್ಲಿ ಹೆಚ್ಚಿನವು ಇಡಿಯಾಗಿಯೇ ಇದ್ದವು. ಬೀಳದೆ ಉಳಿದ ಭಾಗದ ಅಂಚು ಮಾತ್ರ ಚಾಕುವಿನಿಂದ ಕೊಯ್ದಂತೆ ನೇರವಾಗಿತ್ತು. ಇಟ್ಟಿಗೆ ಗಟ್ಟಿಯಾಗಿದ್ದೂ ಗೋಡೆ ಬಿದ್ದದ್ದೇಕೆ? ಉತ್ತರವನ್ನು ನೀವೇ ಕಂಡುಹಿಡಿಯಬಹುದು.

ಮಾಡಿ ನೋಡಿ: ಸುಮಾರು 16 ಖಾಲಿ ಬೆಂಕಿಪೊಟ್ಟಣಗಳನ್ನು ಕೂಡಿಡಿ. ಭಾರಕ್ಕಾಗಿ ಒಳಗೆ ಮಣ್ಣು ತುಂಬಿ. ಒಂದು ತಟ್ಟೆಯಲ್ಲಿ ಸಡಿಲವಾದ ಮರಳು ಹರಡಿ, ಅದರ ಮೇಲೆ ಒಂದರ ಪಕ್ಕ ಒಂದರಂತೆ 4 ಪೊಟ್ಟಣಗಳನ್ನು ಮಲಗಿಸಿ. ಒಂದರ ಮೇಲೆ ಒಂದು ಸರಿಯಾಗಿ ಕೂರುವಂತೆ ಇನ್ನೂ 3 ಸಾಲು ಏರಿಸಿ. ಈಗ ಮೇಲಿನ ಒಂದು ಪೊಟ್ಟಣವನ್ನು ಹೆಬ್ಬೆರಳಿನಿಂದ ಒತ್ತಿ. ಆ ಒಂದು ಕಂಬ ಮಾತ್ರ ಮರಳಿನಲ್ಲಿ ಇಳಿಯುತ್ತದೆ. ಪಕ್ಕದವು ಅದಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ನಿಂತಿರುತ್ತವೆ.

ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟಿ. ಈ ಸಲ ಎರಡನೆಯ ಮತ್ತು ನಾಲ್ಕನೆಯ ಸಾಲುಗಳನ್ನು ಅರ್ಧ ಪೊಟ್ಟಣದಷ್ಟು ಸರಿಸಿ ಇಡಿ. ಎರಡೂ ತುದಿಗೆ ಅರ್ಧ ಕತ್ತರಿಸಿದ ಪೊಟ್ಟಣ ಬೇಕಾಗುತ್ತದೆ. (ಗಾರೆ ಕೆಲಸದವರೂ ಕರಣೆಯಿಂದ ಇಟ್ಟಿಗೆಯನ್ನು ಅರ್ಧ ಮಾಡಿಕೊಳ್ಳುವುದನ್ನು ನೀವು ನೋಡಿರಬಹುದು.) ಈಗ ಮೇಲಿನ ಸಾಲಿನ ನಡುವಿನ ಪೊಟ್ಟಣವನ್ನು ಒತ್ತಿ. ಅದರ ಭಾರ ಕೆಳಗಿನ 2 ಪೊಟ್ಟಣಗಳಿಗೆ ಹೋಗುತ್ತದೆ, ಅಲ್ಲಿಂದ 3ಕ್ಕೆ, ಅಲ್ಲಿಂದ 4ಕ್ಕೆ. ಒಂದರ ಹೊರೆಯನ್ನು ತಳದ ನಾಲ್ಕೂ ಹಂಚಿಕೊಳ್ಳುತ್ತವೆ.

ನಮ್ಮೂರಿನ ಗೋಡೆಯಲ್ಲಿ ಆದದ್ದು ಇಷ್ಟೇ. ಅವಸರದ ಕೆಲಸದಲ್ಲಿ ಸಂದುಗಳು ಒಂದರ ಮೇಲೊಂದು ನೇರವಾಗಿ ಬಂದಿದ್ದವು. ಮಳೆಗೆ ಒಂದು ಕಡೆ ನೆಲ ಕುಸಿದಾಗ ಬಿರುಕು ಕೆಳಗಿನಿಂದ ಮೇಲಿನವರೆಗೆ ತಡೆಯಿಲ್ಲದೆ ಓಡಿತು. ಸಂದಿನ ಮೇಲೆ ಇಡೀ ಇಟ್ಟಿಗೆ ಬಂದಿದ್ದರೆ ಬಿರುಕು ಪ್ರತಿ ಸಾಲಿನಲ್ಲೂ ದಾರಿ ಹುಡುಕಬೇಕಾಗುತ್ತಿತ್ತು.

ದಪ್ಪ ಗೋಡೆಯಾದರೆ ಇನ್ನೊಂದು ತೊಂದರೆ. ಹೊರಮುಖ, ಒಳಮುಖ ಎರಡೂ ಬೇರೆಬೇರೆಯಾಗಿ ನಿಲ್ಲಬಾರದು. ಅದಕ್ಕೆ ಕೆಲವು ಇಟ್ಟಿಗೆಗಳನ್ನು ಅಡ್ಡಲಾಗಿ ಇಟ್ಟು ಎರಡನ್ನೂ ಹೆಣೆಯುತ್ತಾರೆ. ಇಟ್ಟಿಗೆಯ ಅಳತೆಯ ಗುಟ್ಟು ಇರುವುದು ಇಲ್ಲಿಯೇ. ನಮ್ಮ ದೇಶದ ಪ್ರಮಾಣಿತ ಇಟ್ಟಿಗೆ 19 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಎರಡು ಅಗಲಗಳ ನಡುವೆ 1 ಸೆಂ.ಮೀ. ಗಾರೆ ಸೇರಿಸಿ ಕೂಡಿಸಿ: 9 + 1 + 9 = 19. ಸರಿಯಾಗಿ ಒಂದು ಉದ್ದ! ಹಳ್ಳಿಗಳ ಗೂಡಿನಲ್ಲಿ ಅಳತೆ ಬೇರೆ ಇರಬಹುದು. ಸ್ಕೇಲಿನಿಂದ ಅಳೆದು ಇದೇ ಲೆಕ್ಕ ಹಾಕಿ ನೋಡಿ. ಅಗಲ ಇಷ್ಟೇ ಇರುವುದರಿಂದ ಒಂದೇ ಕೈಯಲ್ಲಿ ಇಟ್ಟಿಗೆ ಹಿಡಿಯಬಹುದು. ಇನ್ನೊಂದು ಕೈ ಕರಣೆಗೆ ಉಳಿಯುತ್ತದೆ.

ಈ ಲೆಕ್ಕ ಬಹಳ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಹರಪ್ಪ, ಮೊಹೆಂಜೊದಾರೊ ನಗರಗಳಲ್ಲಿ ಇಟ್ಟಿಗೆಯ ಎತ್ತರ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿದ್ದವು. ಆ ಇಟ್ಟಿಗೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, 1850ರ ದಶಕದಲ್ಲಿ ಲಾಹೋರ್–ಮುಲ್ತಾನ್ ರೈಲು ಮಾರ್ಗ ಹಾಕುವಾಗ ಹಳಿಗಳ ಕೆಳಗೆ ಜಲ್ಲಿಯಂತೆ ತುಂಬಲು ಹರಪ್ಪದ ಇಟ್ಟಿಗೆಗಳನ್ನೇ ಗಾಡಿಗಟ್ಟಲೆ ಹೊತ್ತೊಯ್ದರು. ಗಟ್ಟಿಯಾಗಿದ್ದದ್ದೇ ಆ ಊರಿಗೆ ಮುಳುವಾಯಿತು!

ಸಣ್ಣ ತುಂಡುಗಳಿಂದ ಕಟ್ಟುವುದರಲ್ಲಿ ಮತ್ತೊಂದು ಅನುಕೂಲವಿದೆ. ಪ್ರತಿ ಸಾಲನ್ನೂ ಸ್ವಲ್ಪಸ್ವಲ್ಪ ಒಳಗೆ ಸರಿಸುತ್ತಾ ಹೋದರೆ ಬಾಗಿದ ಆಕಾರವೂ ಬರುತ್ತದೆ. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋದಾಗ ಪಿಸುಮಾತು ಪ್ರತಿಧ್ವನಿಸುವುದನ್ನು ಎಲ್ಲರೂ ಕೇಳುತ್ತಾರೆ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು ಎಂಬುದು ಅನೇಕರಿಗೆ ತಿಳಿದಿಲ್ಲ. ಕೆಳಗಿನ ಗೋಡೆಗಳು ಮಾತ್ರ ಕಲ್ಲಿನವು.

ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಇಟ್ಟಿಗೆ ನೀರಿಗೆ ಕರಗಬಾರದಲ್ಲ? ಹಸಿ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿದರೆ ಅದು ಮತ್ತೆ ಕೆಸರಾಗುತ್ತದೆ. ಸುಟ್ಟದ್ದು ಆಗುವುದಿಲ್ಲ. ಗೂಡಿನ ಶಾಖ ಸುಮಾರು 500–600 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಜೇಡಿಮಣ್ಣಿನ ರಚನೆಯೊಳಗೇ ಸೇರಿಕೊಂಡಿದ್ದ ನೀರಿನ ಅಂಶವೂ ಹೊರಟುಹೋಗುತ್ತದೆ. 900–1000 ಡಿಗ್ರಿಯ ಹೊತ್ತಿಗೆ ಕಣಗಳು ಅಂಚಿನಲ್ಲಿ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದು ಹಿಂದಿರುಗದ ಬದಲಾವಣೆ. ಮಣ್ಣಿನಲ್ಲಿರುವ ಕಬ್ಬಿಣವು ಆಕ್ಸೈಡ್ ಆಗಿ ಕೆಂಪು ಬಣ್ಣ ಕೊಡುತ್ತದೆ.

ಚೆನ್ನಾಗಿ ಬೆಂದಿದೆಯೇ ಎಂದು ತಿಳಿಯಲು ಎರಡು ಇಟ್ಟಿಗೆಗಳನ್ನು ಮೆಲ್ಲಗೆ ತಾಗಿಸಿ. ‘ಠಣ್’ ಎಂದರೆ ಸರಿ, ‘ದಪ್’ ಎಂದರೆ ಅನುಮಾನ. ಇನ್ನೂ ಖಚಿತವಾಗಬೇಕಾದರೆ ಒಣ ಇಟ್ಟಿಗೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ, 24 ಗಂಟೆ ನೀರಿನಲ್ಲಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಒಣಗಿದ್ದಾಗ 3 ಕಿಲೋ ಇದ್ದದ್ದು ನೆನೆದಾಗ ಎಷ್ಟನ್ನು ಮೀರಬಾರದು, ಹೇಳಿ?

ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಆ ಶಾಖಕ್ಕೆ ಮನೆ ಕಟ್ಟುವ ಇಟ್ಟಿಗೆಯೇ ಮೆತ್ತಗಾಗಿಬಿಡುತ್ತದೆ. ಆದ್ದರಿಂದ ಕುಲುಮೆಗಳ ಒಳಗೋಡೆಗೆ ಅಲ್ಯುಮಿನಾ ಹೆಚ್ಚಿರುವ ವಿಶೇಷ ಜೇಡಿಯ ಬೆಂಕಿ ಇಟ್ಟಿಗೆಗಳು ಬೇಕು. ಇಡೀ ಒಳಗೋಡೆಯನ್ನು ಒಂದೇ ತುಂಡಾಗಿ ಏಕೆ ಮಾಡುವುದಿಲ್ಲ? ಕಾದಾಗ ಅದು ಹಿಗ್ಗುತ್ತದೆ. ಸಂದುಗಳಿದ್ದರೆ ಹಿಗ್ಗಲು ಜಾಗವಿರುತ್ತದೆ, ಸವೆದ ಕಡೆ ಮಾತ್ರ ಹೊಸ ಇಟ್ಟಿಗೆ ಹಾಕಬಹುದು.

ಆಟಿಕೆಯಲ್ಲೂ ಇದೇ ವಿದ್ಯೆ. ಡೆನ್ಮಾರ್ಕಿನ ಲೆಗೋ ಪ್ಲಾಸ್ಟಿಕ್ ಇಟ್ಟಿಗೆಯ ಮೇಲೆ ಗುಬ್ಬಿಗಳು, ಒಳಗೆ ಕೊಳವೆಗಳು ಇರುತ್ತವೆ. ಗಾರೆ ಇಲ್ಲದೆ ಕಚ್ಚಿಕೊಳ್ಳುವ ಈ ರಚನೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಲಾಯಿತು. ಎಂಟು ಗುಬ್ಬಿಗಳ, ಒಂದೇ ಬಣ್ಣದ 6 ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ. 2 ಇಟ್ಟಿಗೆಗಳಿಗಾದರೆ 24 ರೀತಿ. ಚೌಕಳಿ ಹಾಳೆಯಿಂದ 2 ಚೌಕ ಅಗಲ, 4 ಚೌಕ ಉದ್ದದ ಎರಡು ತುಂಡು ಕತ್ತರಿಸಿಕೊಳ್ಳಿ. ಒಂದರ ಮೇಲೊಂದು ಕನಿಷ್ಠ ಒಂದು ಚೌಕ ಕೂರುವಂತೆ ಇಡುತ್ತಾ ಹೋಗಿ. ತಿರುಗಿಸಿದಾಗ ಒಂದೇ ಥರ ಕಾಣುವುದನ್ನು ಎರಡು ಸಲ ಎಣಿಸಬೇಡಿ. ಉದ್ದಕ್ಕೆ ಇಟ್ಟಾಗ 11, ಅಡ್ಡಕ್ಕೆ ಇಟ್ಟಾಗ 13 ಸಿಗಬೇಕು. ನಿಮಗೆ ಎಷ್ಟು ಸಿಕ್ಕಿತು?